ಮೇಲೆ ಬಂದವರನ್ನು ಅಳಿಸುವುದು

ಕಾಲ್ಗೂರ್ಲಿಯ ಗಣಿಯ ದೀಪದ ಕೋಣೆಯಲ್ಲಿ
ನನ್ನ ಕೆಲಸ ಇಷ್ಟೇ:
ಇಳಿದವರನ್ನು ಸೇರಿಸುವುದು,
ಮೇಲೆ ಬಂದವರನ್ನು ಅಳಿಸುವುದು.

ಅಳಿಸುವುದು ಇಲ್ಲಿ ಒಳ್ಳೆಯ ಸುದ್ದಿ.
ಪಟ್ಟಿಯಲ್ಲಿ ಉಳಿದವನು ಇನ್ನೂ ಕತ್ತಲಲ್ಲಿದ್ದಾನೆ;
ಪಟ್ಟಿಯಿಂದ ಹೋದವನು ಬೆಂಚಿನ ಮೇಲೆ ಕೂತು
ಬೂಟಿನ ಲಾಡಿ ಬಿಚ್ಚುತ್ತಿದ್ದಾನೆ.

ಹಿಂದೆ ಗೋಡೆಯ ಮೇಲೊಂದು ಹಲಗೆ ಇತ್ತು,
ಸಾಲು ಸಾಲು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ.
ಬಿಲ್ಲೆ ತೆಗೆದರೆ ಮೊಳೆ ಬೋಳು,
ಆ ಬೋಳು ದೂರದಿಂದಲೂ ಕಾಣುತ್ತಿತ್ತು.
ಈಗ ಪರದೆಯ ಹಿಂದೊಂದು ಮರ,
ಬುಡ ಮೇಲೆ, ಎಲೆ ಕೆಳಗೆ, ಗಣಿಯ ಹಾಗೆಯೇ.
ಎಡಕ್ಕೆ ಚಿಕ್ಕ ಸಂಖ್ಯೆ, ಬಲಕ್ಕೆ ದೊಡ್ಡದು.
ಸಂಖ್ಯೆಯೇ ಕೀಲಿ; ತಿರುಗಿಸಿದರೆ ಒಬ್ಬ ಮನುಷ್ಯ:
ಹೆಸರು, ರಕ್ತದ ಗುಂಪು, ಇಳಿದ ಹೊತ್ತು,
ಯಾರಿಗೆ ಫೋನ್ ಮಾಡಬೇಕು ಎಂಬುದು.

ನಲವತ್ತೆಂಟನೇ ವಯಸ್ಸಿನಲ್ಲಿ, ಸಂಜೆ ಕ್ಲಾಸಿನಲ್ಲಿ
ಈ ಮರ ಬೆಳೆಸಲು ಕಲಿತೆ. ಕಡಿಯಲು ಕಲಿತದ್ದು ಆಮೇಲೆ.
ಎಲೆ ಕೀಳುವುದು ಸುಲಭ.
ಒಂದೇ ಮಗುವಿದ್ದವನು ಹೋದರೆ
ಮಗುವನ್ನೆತ್ತಿ ಅಜ್ಜನ ಕೈಗಿತ್ತರಾಯಿತು.
ಎರಡೂ ಕಡೆ ಮಕ್ಕಳಿದ್ದವನದೇ ಫಜೀತಿ:
ಬಲಕ್ಕೊಂದು ಹೆಜ್ಜೆ ಇಳಿದು, ಆಮೇಲೆ ಎಡ, ಎಡ, ಎಡ,
ಎಡವೇ ಮುಗಿದಲ್ಲಿ ನಿಂತವನನ್ನು,
ಹೋದವನಿಗಿಂತ ಕೂದಲೆಳೆಯಷ್ಟೇ ದೊಡ್ಡವನನ್ನು,
ಕರೆತಂದು ಖಾಲಿ ಕುರ್ಚಿಯಲ್ಲಿ ಕೂರಿಸಬೇಕು.
ಮರ ವಾಲಿತೋ, ತಾನೇ ತಿರುಗಿ ನಿಲ್ಲುತ್ತದೆ,
ಕೂಸನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿದವಳ ಹಾಗೆ.
ಬೋಳು ಮೊಳೆ ಉಳಿಯುವುದಿಲ್ಲ.

ಜುಲೈ. ಕೈ ಕೊರೆಯುವ ಚಳಿ. ಬೆಳಗಿನ ಆರೂವರೆ.
ರಾತ್ರಿ ಪಾಳಿ ಮೇಲೆ ಬಂತು.
ಮೊದಲ ಸಂಖ್ಯೆಯಿಂದ ನಡೆ, ಬಂದವನನ್ನು ಅಳಿಸು, ಮುಂದೆ ನಡೆ:
ನಾನೇ ಬರೆದ ಸಾಲು ಅದು.
ನಾನೂರ ಹನ್ನೆರಡನ್ನು ಅಳಿಸಿ ಮುಂದೆ ನಡೆದೆ.
ನಾನೂರ ಹದಿಮೂರು ಅಷ್ಟರಲ್ಲಿ
ನಾನು ನಿಂತ ಜಾಗದ ಕುರ್ಚಿಗೇ ಬಂದು ಕೂತಿದ್ದ.
ದಾಟಿಬಿಟ್ಟಿದ್ದೆ.

ಪಟ್ಟಿ ಬರಿದಾಗದೆ ಸಿಡಿಮದ್ದಿಗೆ ಅಪ್ಪಣೆಯಿಲ್ಲ.
ನೊರೀನ್ ಹ್ಯಾಡೊ ಗುಂಡಿ ಒತ್ತಿದಳು, ಸೈರನ್ ಕೂಗಿತು,
ಆರು ಜನ ಮುಖವಾಡ ಕಟ್ಟಿ ಮತ್ತೆ ಇಳಿದರು
ಡೆನ್ಜಿಲ್ ಟ್ರೆವಾಸ್ಕಿಸ್‌ನನ್ನು ಹುಡುಕಲು.
ಡೆನ್ಜಿಲ್ ಬೌಲ್ಡರಿನ ಬೇಕರಿಯಲ್ಲಿ
ಪೈ ಮೇಲೆ ಸಾಸ್ ಸುರಿದುಕೊಳ್ಳುತ್ತಿದ್ದ.

ಕರೆಸಿದರು. ಬಂದು ಕಿಟಕಿಗೆ ಮೊಣಕೈ ಊರಿ ಕೇಳಿದ:
ನಾನೆಲ್ಲಿದ್ದೆ?
ಒಂಬೈನೂರು ಮೀಟರ್ ಕೆಳಗೆ, ಅಂದೆ.
ನಕ್ಕ. ಮೀಸೆಯಲ್ಲಿ ಸಾಸ್.
ಆಮೇಲೆ ನಗು ನಿಲ್ಲಿಸಿ:
ಇದೇ ತಪ್ಪು ಉಲ್ಟಾ ಆಗಿದ್ದರೆ?

ಉತ್ತರ ಕೊಡಲಿಲ್ಲ. ಮನೆಗೂ ಹೋಗಲಿಲ್ಲ.
ಕೂತ ಕೊಂಬೆ ಕಡಿಯುವವಳು
ಮೊದಲು ಪಕ್ಕದ ಕೊಂಬೆ ಹಿಡಿದಿರಬೇಕು.
ಮುಂದಿನವನ ಕುರ್ಚಿಯನ್ನಲ್ಲ, ಕುರ್ಚಿ ನಂಬಬಾರದು,
ಅವನ ಸಂಖ್ಯೆಯನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡು
ಆಮೇಲೆ ಅಳಿಸು.
ಎರಡೇ ಸಾಲು. ಬರೆಯುವಾಗ ಮಧ್ಯಾಹ್ನವಾಗಿತ್ತು.

ನಮ್ಮ ಕಡೆ ದೀಪ ಆರಿತು ಅನ್ನುವುದಿಲ್ಲ, ದೊಡ್ಡದಾಯಿತು ಅನ್ನುತ್ತಾರೆ.
ಡಬ್ಬಿಯ ಅಕ್ಕಿ ಮುಗಿಯುವುದಿಲ್ಲ, ಹೆಚ್ಚುತ್ತದೆ.
ಹೊಸಿಲಲ್ಲಿ ನಿಂತು ಹೋಗುತ್ತೇನೆ ಅಂದವರ ಬೆನ್ನಿಗೆ
ಅಜ್ಜಿ ಒಂದು ಗುದ್ದು ಕೊಡುತ್ತಿದ್ದಳು.
ಅಳಿಸುವ ಆ ಎರಡು ಸಾಲಿಗೆ
ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟೆ: ಹೋಗಿಬಾ.
ಹಾಗಂದರೇನು, ನೊರೀನ್ ಕೇಳಿದಳು.
ಅಳಿಸು ಅಂತ, ಅಂದೆ.

ಈಗ ದಿನಾ ಆರು ಐವತ್ತಕ್ಕೆ ಮರ ಖಾಲಿ. ಬುಡವೂ ಇಲ್ಲ.
ನೆಲ ಒಮ್ಮೆ ನಡುಗುತ್ತದೆ,
ಲೋಟದ ಟೀ ಸುಕ್ಕಾಗಿ ಮತ್ತೆ ನುಣುಪಾಗುತ್ತದೆ.
ಹಗಲು ಪಾಳಿಯ ಮೊದಲ ಬಿಲ್ಲೆ
ಕಿಟಕಿಯ ಕಟ್ಟೆಯ ಮೇಲೆ ಟಣ್ ಅನ್ನುತ್ತದೆ.