ನಡುವೆ ಕಂಬವಿಲ್ಲ

ಫೆಬ್ರವರಿಯ ಒಂದು ರಾತ್ರಿ, ಯಾರೂ ಇಲ್ಲದ ಹೊತ್ತು ನೋಡಿ
ನಮ್ಮೂರ ಸಭಾಭವನ ಮಂಡಿಯೂರಿತು.
ಮೂರಡಿ ಹಿಮ, ಎಪ್ಪತ್ತೆಂಟು ವರ್ಷದ ಮರದ ಜಂತೆ.
ದನ ಮಲಗುವ ಹಾಗೆ, ಮೊದಲು ಮುಂಗಾಲು, ಆಮೇಲೆ ಮೈ.
ಬೆಳಗಾಗಿ ಹೋಗಿ ನೋಡಿದರೆ
ನಟ್ಟನಡುವಿನ ಕಂಬ ಒಂದೇ ನಿಂತಿತ್ತು
ಏನನ್ನೂ ಹೊರದೆ.

ಖಜಾಂಚಿ ನಾನು, ಸ್ಟೆಫ್ಕಾ;
ಇನ್ನೂರ ಹನ್ನೆರಡು ಜನರ ಊರಿನ
ಬಿಸ್ಕತ್ತು ಡಬ್ಬಿಯ ಖಜಾಂಚಿ.
ರೆಜೈನಾದಿಂದ ಬಂದ ಡ್ವೇನ್ ಪೆಲ್ಟಿಯೆ
ಕಾರಿನ ಬಾನೆಟ್ಟಿನ ಮೇಲೆ ಬಣ್ಣದ ಹಾಳೆ ಹರವಿ
ಲಾಭಗಳನ್ನು ಓದಿದ:
ಉಕ್ಕು, ಬೆಂಕಿಗೆ ಉರಿಯದು. ಗೆದ್ದಲು ಮುಟ್ಟದು.
(ಇಲ್ಲಿ ಗೆದ್ದಲೇ ಇಲ್ಲ, ಅಂದೆ.
ಇದ್ದರೂ ಮುಟ್ಟದು, ಅಂದ.)
ತುಂಡು ತುಂಡೂ ಕಾರ್ಖಾನೆಯಲ್ಲೇ ಅಳೆದು, ಕೊರೆದು,
ಅಂಕಿ ಬರೆಸಿಕೊಂಡು ಬರುತ್ತದೆ;
ಇಲ್ಲಿ ಗರಗಸಕ್ಕೆ ಕೆಲಸವಿಲ್ಲ, ಬರೀ ಬೋಲ್ಟು.
ಹಿಮದ ಭಾರಕ್ಕೆ ಲೆಕ್ಕ ಹಾಕಿದೆ, ಸಹಿಯಿದೆ, ಮೊಹರಿದೆ.
ಬೇಡವಾದ ದಿನ ಬಿಚ್ಚಿ ಬೇರೆ ಊರಿಗೆ ಮಾರಿ.
ಕೊನೆಯದನ್ನು ದನಿಯೇರಿಸಿ ಹೇಳಿದ:
ನಡುವೆ ಕಂಬವಿಲ್ಲ!
ಗೋಡೆಯಿಂದ ಗೋಡೆಗೆ ಅರವತ್ತಡಿ, ಬಟ್ಟಬಯಲು.

ಕಂಬವಿಲ್ಲದೆ ಹೇಗೆ ಎಂದು
ಯಾರೂ ಕೇಳಲಿಲ್ಲ.

ಆ ಕಂಬಕ್ಕೆ ಬೆನ್ನು ಕೊಟ್ಟು ನಿಂತೇ ನಮ್ಮ ಮಿರೊನ್
ಕುಣಿಯಲು ಬರುತ್ತೀಯಾ ಎಂದು ಶೂಗಳನ್ನು ಕೇಳಿದ್ದ,
ನನ್ನನ್ನಲ್ಲ.
ಹಸಿ ತಾಯಂದಿರು ಅದರ ಮರೆಯಲ್ಲಿ ಹಾಲೂಡಿಸಿದರು.
ಮತ್ತೆ ಹನ್ನೊಂದು ವರ್ಷ,
ಮದುವೆಯಿರಲಿ, ಮಣ್ಣಿರಲಿ,
ಓರೆಸ್ಟ್ ಮೆಲ್ನಿಚುಕ್ ಕಂಬದ ಪಡುವಣಕ್ಕೆ,
ಅವನ ತಮ್ಮ ತಿಮ್ಕೊ ಮೂಡಣಕ್ಕೆ.
ಅಪ್ಪನ ಬಿತ್ತನೆ ಯಂತ್ರ ಯಾರದೆಂಬ ಮಾತಿಗೆ
ಮಾತು ಬಿಟ್ಟವರು.
ಹತ್ತಂಗುಲದ ಕಂಬ.
ಎರಡು ಮುಖ ಮರೆಯಾಗಲು ಅಷ್ಟು ಸಾಕಿತ್ತು.

ಜೂನಿನಲ್ಲಿ ಮೂರು ಲಾರಿ ಬಂದವು.
ಶಾಲೆಯ ಮಕ್ಕಳು ಬೋಲ್ಟುಗಳನ್ನು
ಕೇಕಿನ ಅಚ್ಚುಗಳಲ್ಲಿ ಅಳತೆವಾರು ವಿಂಗಡಿಸಿದರು.
ಚರ್ಚಿನ ಮೇಳದ ಹಾನ್ಯಾ ನಕ್ಷೆ ಹಿಡಿದು
ಪ್ರಾರ್ಥನೆಯ ರಾಗದಲ್ಲೇ ಕೂಗಿದಳು:
ಮೂವತ್ತೊಂದು ಎಲ್ಲಿ? ಮೂವತ್ತೊಂದು!
ಅದರ ಮೇಲೆ ಯಾರೋ ಪಿರೋಗಿಯ ಪಾತ್ರೆ ಇಟ್ಟಿದ್ದರು.

ಬಾಡಿಗೆ ಕ್ರೇನು, ತಾಸಿಗೆ ಇನ್ನೂರು ಡಾಲರು.
ಎತ್ತರಕ್ಕೆ ಅಂಜದವರು ಊರಲ್ಲಿ ಇಬ್ಬರೇ
(ಯಾರೆಂದು ಹೇಳಬೇಕಿಲ್ಲ).
ಮೊದಲ ಚೌಕಟ್ಟಿನ ಎರಡು ತೋಳು
ಮೇಲೆ, ನೆತ್ತಿಯಲ್ಲಿ ಸೇರಬೇಕು;
ಇಬ್ಬರಿಗೆ ಎರಡು ತೊಟ್ಟಿಲು, ಎಂಟು ತೂತು.
ಕಾರ್ಖಾನೆಯ ಲೆಕ್ಕ ಸರಿಯಿತ್ತು,
ನಮ್ಮ ನೆಲವೇ ಕೂದಲೆಳೆಯಷ್ಟು ಓರೆ.
ತೂತಿಗೆ ತೂತು ಕೂಡದು.
ಕ್ರೇನು ಗುರುಗುಡುತ್ತಿದೆ,
ಡಬ್ಬಿಯಿಂದ ಡಾಲರು ಉದುರುತ್ತಿದೆ,
ನಾನು ಕೈಗಡಿಯಾರ ನೋಡುತ್ತಿದ್ದೇನೆ.
ಆಗ ಮೇಲಿಂದ ಒಂದು ದನಿ:
“ಒಂಚೂರು ನಿನ್ನ ಕಡೆಗೆ ಎಳಿ.”

ಅಣ್ಣನದೋ ತಮ್ಮನದೋ
ಕೆಳಗಿದ್ದ ನಮಗೆ ಗೊತ್ತಾಗಲಿಲ್ಲ.
ಬೋಲ್ಟು ಹೊಕ್ಕ ಸದ್ದು ಮಾತ್ರ
ನೆಲದವರೆಗೂ ಕೇಳಿಸಿತು.

ಹದಿನಾರನೆಯ ದಿನ ಬಾಗಿಲು ಏರಿಸಿದೆವು.
ಈಗ ಒಳಗೆ ನಿಂತರೆ ಎಲ್ಲ ಎಲ್ಲರಿಗೂ ಕಾಣುತ್ತದೆ:
ಯಾರ ತಟ್ಟೆಯಲ್ಲಿ ಎಷ್ಟು, ಯಾರ ಕಣ್ಣು ಎಲ್ಲಿ.
ಓರೆಸ್ಟ್ ಪಡುವಣ ಗೋಡೆಗೆ, ತಿಮ್ಕೊ ಮೂಡಣ ಗೋಡೆಗೆ;
ನಡುವೆ ಅರವತ್ತಡಿ, ಮರೆಗೆ ಒಂದು ಕಡ್ಡಿಯೂ ಇಲ್ಲ.
ಮಾತು ಶುರುವಾಯಿತು ಅಂತೇನಲ್ಲ.
ಆ ಯಂತ್ರ ಬೇಲಿಯಾಚೆ ತುಕ್ಕು ತಿನ್ನುತ್ತಲೇ ಇದೆ.
ಸಂಜೆ ಚಳಿಗೆ ತಗಡು ಟಣ್ಣೆಂದಾಗ ಮಾತ್ರ
ಇಬ್ಬರೂ ಒಟ್ಟಿಗೆ ತಲೆಯೆತ್ತಿ
ಅದೇ ಒಂದು ಜಾಗ ನೋಡುತ್ತಾರೆ.

ಹಳೆಯ ಕಂಬ ಏನಾಯಿತೆಂದು
ಡ್ವೇನ್ ಒಮ್ಮೆ ಫೋನಿನಲ್ಲಿ ಕೇಳಿದ.
ಸೌದೆಗೆ ಹೋಯಿತು, ಅಂದೆ.

ನನ್ನ ಕೊಟ್ಟಿಗೆಯಲ್ಲಿ ಅದು ಅಡ್ಡ ಮಲಗಿದೆ,
ಮೇಲೊಂದು ಕಂಬಳಿ.
ಮಿರೊನ್ ಒರಗುತ್ತಿದ್ದ ಎತ್ತರದಲ್ಲಿ
ಮರ ನುಣುಪಾಗಿದೆ.