ಕೂಡಿದರೆ

ಲೂಯಿಸ್ ದ್ವೀಪದ ಶಾಲೆ. ಹಲಗೆಯ ಮೇಲೆ ಬರೆದೆ:
ವರುಷದ ಒಲೆಗೆ ಜವುಗುಮಣ್ಣಿನ ಹೆಂಟೆ ಕಡಿಯಲು
ಟಾರ್ಕ್ವಿಲ್‌ಗೆ ಆರು ದಿನ, ಮರ್ಡೋಗೆ ಮೂರು.
ಇಬ್ಬರೂ ಕೂಡಿದರೆ?

ಆರರಲ್ಲೊಂದು, ಮೂರರಲ್ಲೊಂದು,
ಕೂಡಿದರೆ ದಿನಕ್ಕೆ ಅರ್ಧ;
ಎರಡೇ ದಿನ, ಎಂದಿತು ತರಗತಿ.
ಎಫಿ ಮಾತ್ರ ಬರೆದಳು: ಉತ್ತರವಿಲ್ಲ.
"ಅವರು ಕೂಡುವುದಿಲ್ಲ ಟೀಚರ್,
ಹನ್ನೊಂದು ವರ್ಷವಾಯಿತು ಮಾತು ಬಿಟ್ಟು."

ಹೆಸರು ಆರಿಸುವಾಗ ನಾನೇ ಎಡವಿದ್ದೆ.
ಅರ್ಧ ಅಂಕ ಕೊಟ್ಟೆ.

ಮೇ ತಿಂಗಳು. ಅಣ್ಣ ಆ ತುದಿಯಿಂದ,
ತಮ್ಮ ಈ ತುದಿಯಿಂದ,
ಒಂದೇ ದಿಣ್ಣೆ, ತಲೆ ಎತ್ತದೆ.
ಎರಡನೆಯ ಸಂಜೆ ಹೋಗಿ ನೋಡಿದೆ:
ತಮ್ಮನ ಪಾಲು ಅಣ್ಣನದರ ಎರಡರಷ್ಟು.
ಲೆಕ್ಕ ತಪ್ಪಿಲ್ಲ.
ನಡುವೆ ಮಾತ್ರ
ಒಂದು ಗುದ್ದಲಿಯಗಲ ಮಣ್ಣು
ಕಡಿಯದೆ ನಿಂತಿದೆ.

ಮರುದಿನ ಎಫಿಯ ಪುಸ್ತಕ ಇಸಿದುಕೊಂಡು
ಉಳಿದ ಅರ್ಧವನ್ನೂ ಹಾಕಿದೆ.