ಗ್ಲಾಸಲ್ಲಿ ಬಿಟ್ಟು ಹೋಗಲ್ಲ

ಸೂರತ್ತಿನ ಪಾರ್ಟಿ ನಾಳೆ ಬರುತ್ತಾರೆ,
ಇನ್ನೂರು ಕೇಜಿ ರೇಷ್ಮೆಯ ಮಾತು.
ಊಟ ಎಲ್ಲಾದರೂ ಸರಿ, ವೈನು ಮಾತ್ರ ಒಳ್ಳೆಯದಿರಲಿ
ಎಂದರು ಫೋನಿನಲ್ಲಿ,
ಅವರ ಊರಲ್ಲಿ ಸಿಗದ್ದು.

ನನಗೇನು ಗೊತ್ತು?
ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳುವಿನ ಗತಿ ಹೇಳಬಲ್ಲೆ.
ದ್ರಾಕ್ಷಿ ಗೊತ್ತು, ಹಣ್ಣಾಗಿ.
ಅದರಾಚೆಗೆ ಅಬ್ಬಾ ಎಳೆದ ಗೆರೆ ದಾಟಿಲ್ಲ.

ಆದರೂ ಹೊರಟೆ, ಚಿಕ್ಕಬಳ್ಳಾಪುರ ದಾಟಿ ನಂದಿಯ ಕಡೆಗೆ.
ಮೊದಲನೇ ಕಡೆ ಮೋಟಾರಿನ ಜಲಪಾತ.
ರೇಟು ಹೇಳುವಾಗ ಕಿರುಚಬೇಕೇನು?
ಎರಡನೇ ಕಡೆ ಮ್ಯಾನೇಜರು
ಮಣ್ಣು, ಬಿಸಿಲು, ಓಕು ಮರದ ಪೀಪಾಯಿ ಎಂದು
ಹರಿಕಥೆಯನ್ನೇ ಮಾಡಿದ;
ತೂಗುವವನು ಹೆಚ್ಚು ಮಾತಾಡಿದರೆ
ತಕ್ಕಡಿ ನೋಡು, ಅನ್ನುತ್ತಿದ್ದರು ಅಬ್ಬಾ.

ಮೂರನೆಯದು ಚಿಕ್ಕದು. ಎಂಟು ಮೇಜು.
ಕಿಟಕಿಯಾಚೆ ಬೆಟ್ಟ, ಅರ್ಧ ಮೋಡದಲ್ಲಿ.
ಯಾವ ವೈನು ಒಳ್ಳೆಯದಪ್ಪ ಎಂದೆ.
ಬಾಗೇಪಲ್ಲಿ ಕಡೆಯ ಹುಡುಗ,
ಜೇಬಿನ ಮೇಲೆ ಗಂಗುಲಪ್ಪ ಎಂದು ಹೆಸರು,
ತಲೆ ಕೆರೆದುಕೊಂಡ:
"ನಾನು ಕುಡಿಯಲ್ಲ ಸಾರ್.
ಮೇಜು ಒರೆಸೋವಾಗ ನೋಡಿರ್ತೀನಿ,
ಇದನ್ನ ತಗೊಂಡೋರು
ಗ್ಲಾಸಲ್ಲಿ ಬಿಟ್ಟು ಹೋಗಲ್ಲ."

ಕುಡಿಯದವರಿಬ್ಬರು
ಆ ಬಾಟಲಿಯನ್ನು ಬೆಳಕಿಗೆ ಹಿಡಿದೆವು,
ನೂಲಿನ ಲಡಿ ಹಿಡಿದಂತೆ.
ಕಪ್ಪುಗೆಂಪು. ಅದರೊಳಗೆ
ಬೆಟ್ಟ ತಲೆಕೆಳಗಾಗಿ ನಿಂತಿತ್ತು.

ನಾಲ್ಕು ಜನಕ್ಕೆ ಬರೆದುಕೋ ಎಂದೆ.
ಹಾಗೇ ನನಗೊಂದು ನಿಂಬೆ ಸೋಡಾ,
ಅದೇ ಥರದ ಗ್ಲಾಸಿನಲ್ಲಿ.